ಮತ್ತೆ ತೆರೆದ ಪ್ರಯೋಗಾಲಯ: ನೆರವಾದವರಿಗೆ ವಂದನೆ

ಉಸಿರಿನ ಮೂಲಕ ಸೇರಿ ಗಂಭೀರ ಕಾಯಿಲೆ ತರಬಲ್ಲ ರೋಗಾಣುಗಳನ್ನು ಅಧ್ಯಯನ ಮಾಡುವ, ನಮ್ಮ ವಿಶ್ವವಿದ್ಯಾಲಯದ ಬಿಎಸ್‌ಎಲ್-3 (ಜೈವಿಕ ಸುರಕ್ಷತೆಯ ಮೂರನೇ ಹಂತದ) ಪ್ರಯೋಗಾಲಯಕ್ಕೆ ಮರುಪ್ರಮಾಣೀಕರಣ ದೊರೆತು, ಈ ವಾರ ಸಂಶೋಧಕರು ಕೆಲಸಕ್ಕೆ ಮರಳಿದ್ದಾರೆ. ಒಂದು ರಾತ್ರಿ ಗಾಳಿ ವ್ಯವಸ್ಥೆ ಕೆಟ್ಟು ಅದನ್ನು ಮುಚ್ಚಬೇಕಾಯಿತು; ಆಮೇಲಿನ ತಿಂಗಳುಗಳು ಹೇಗಿದ್ದವು ಎಂಬುದು ನಿಮಗೆಲ್ಲ ತಿಳಿದಿದೆ. ಜೈವಿಕ ಸುರಕ್ಷತಾ ಅಧಿಕಾರಿಯಾಗಿ ನಾನು ಸಲ್ಲಿಸಬೇಕಾದ ಕೃತಜ್ಞತೆ ಮಾತ್ರ ಬಾಕಿಯಿದೆ.

ಅದರ ಬಹುಪಾಲು ಸಲ್ಲುವುದು ಕಟ್ಟಡದ ಗಾಳಿ ವ್ಯವಸ್ಥೆಯನ್ನು ನೋಡಿಕೊಳ್ಳುವ ಹಿರಿಯ ತಂತ್ರಜ್ಞರಿಗೆ. ಹೆಸರು ಬರೆಯಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. ಇಂಥ ಪ್ರಯೋಗಾಲಯದಲ್ಲಿ ಗಾಳಿ ಸದಾ ಹೊರಗಿನಿಂದ ಒಳಕ್ಕೇ ಹರಿಯುತ್ತಿರಬೇಕು. ನಮ್ಮಲ್ಲಿ ಒಳಗಿನ ಗಾಳಿ ಹೊರಹೋಗುವುದು, 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ ಶೇ 99.97ರಷ್ಟನ್ನು ಹಿಡಿದಿಡುವ ಹೆಪಾ ಫಿಲ್ಟರನ್ನು ದಾಟಿದ ಮೇಲೆಯೇ. ಆ ರಾತ್ರಿ ಒಳಗಿನ ಗಾಳಿಯನ್ನು ಹೊರಗೆಳೆಯುವ ಎಕ್ಸಾಸ್ಟ್ ಫ್ಯಾನ್ ನಿಂತು ಬಾಗಿಲ ಬಳಿಯ ಒತ್ತಡಮಾಪಕದ ಮುಳ್ಳು ಸೊನ್ನೆಯತ್ತ ಸರಿದಾಗ, ಅಂದರೆ ಗಾಳಿಯನ್ನು ಒಳಕ್ಕೆಳೆಯುವ ಒತ್ತಡದ ವ್ಯತ್ಯಾಸ ಇಲ್ಲವಾಗತೊಡಗಿದಾಗ, ಒಳಗಿದ್ದ ವಿದ್ಯಾರ್ಥಿಗಳು ತರಬೇತಿಯಲ್ಲಿ ಕಲಿತಂತೆಯೇ ಮಾದರಿಗಳ ಕೊಳವೆಗಳನ್ನು ಮುಚ್ಚಿಟ್ಟು ಹೊರಬಂದರು. ವೈದ್ಯರು ಅವರನ್ನು ಪರೀಕ್ಷಿಸಿ ಮನೆಗೆ ಕಳುಹಿಸುವವರೆಗೂ ನಾನು ಗಟ್ಟಿಯಾಗಿಯೇ ಇದ್ದೆ. ಆಮೇಲೆ ಕೈ ನಡುಗತೊಡಗಿತು. ಆ ಮಕ್ಕಳಿಗೆ ಏನಾದರೂ ಆಗಿದ್ದರೆ ಅವರ ತಂದೆತಾಯಿಯ ಮುಂದೆ ಯಾವ ಮುಖ ಹೊತ್ತು ನಿಲ್ಲುತ್ತಿದ್ದೆ ಎಂಬ ಯೋಚನೆ ಇಂದಿಗೂ ಪೂರ್ತಿ ಬಿಟ್ಟುಹೋಗಿಲ್ಲ.

ಪಾಳಿ ಮುಗಿಸಿ ಹೋಗಿದ್ದ ಆ ತಂತ್ರಜ್ಞರು ಕರೆ ಬಂದೊಡನೆ ಹಿಂದಿರುಗಿದರು. ಮೊದಲಿನದು ನಿಂತಾಗ ಓಡಬೇಕಾದ ಬದಲಿ ಫ್ಯಾನಿನ ಡ್ಯಾಂಪರ್ (ಗಾಳಿಯ ದಾರಿಯನ್ನು ತೆರೆದು ಮುಚ್ಚುವ ತಟ್ಟೆ) ಅರ್ಧಕ್ಕೇ ಸಿಕ್ಕಿಕೊಂಡಿದೆ ಎಂಬ ಅನುಮಾನ ಬಂದಾಗ, ಉಪಕರಣ ಕೈಗೆತ್ತಿಕೊಳ್ಳುವ ಮುನ್ನ ಅವರು ಕೇಳಿದ್ದು ಒಂದೇ ಪ್ರಶ್ನೆ: ಅದು ಫಿಲ್ಟರಿಗಿಂತ ಮುಂಚಿನ ಭಾಗದಲ್ಲಿದೆಯೋ, ನಂತರದಲ್ಲಿದೆಯೋ? ಶೋಧಿಸದ ಗಾಳಿ ಹರಿಯುವ ಮುಂಚಿನ ಭಾಗವನ್ನು ಸೋಂಕು ನಿವಾರಿಸದೆ ಯಾರೂ ತೆರೆಯುವಂತಿಲ್ಲ. ನಕ್ಷೆ ಹರಡಿ, ನಂತರದ ಭಾಗವೇ ಎಂದು ಅವರೂ ನಾನೂ ಖಚಿತಪಡಿಸಿಕೊಂಡ ಮೇಲಷ್ಟೇ ಅವರು ಕೆಲಸಕ್ಕಿಳಿದರು. ಬೆಳಗಿನ ಜಾವ ಮುಳ್ಳು ತನ್ನ ಜಾಗಕ್ಕೆ ಬಂದಾಗಲೂ ಅವರಿಗೆ ಸಮಾಧಾನವಾಗಲಿಲ್ಲ. "ಓಡುವಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ ಮೇಡಂ, ಕೆಟ್ಟಾಗ ಏನಾಗುತ್ತದೆ ಎಂದು ನೋಡಬೇಕು" ಎಂದರು.

ಕೋಣೆಯನ್ನು ಹೈಡ್ರೋಜನ್ ಪೆರಾಕ್ಸೈಡ್ ಆವಿಯಿಂದ ಶುದ್ಧೀಕರಿಸಿದ ಬಳಿಕ ನಾವು ಅದನ್ನೇ ಮಾಡಿದೆವು. ಅವರು ಎಕ್ಸಾಸ್ಟನ್ನು ಬೇಕೆಂದೇ ನಿಲ್ಲಿಸಿದರು, ನಾನು ಬಾಗಿಲ ಸಂದಿಯಲ್ಲಿ ಹೊಗೆ ಬಿಟ್ಟೆ. ಹೊಗೆ ಕ್ಷಣಕಾಲ ಹೊರಕ್ಕೆ ತಿರುಗಿತು. ಎಕ್ಸಾಸ್ಟ್ ನಿಂತೊಡನೆ ನಿಲ್ಲಬೇಕಿದ್ದ, ಕೋಣೆಯೊಳಕ್ಕೆ ಗಾಳಿ ತಳ್ಳುವ ಪೂರೈಕೆ ಫ್ಯಾನ್ ತಡವಾಗಿ ನಿಲ್ಲುತ್ತಿತ್ತು. ಅವರು ಆ ಮಾತು ಹೇಳದಿದ್ದರೆ, ಆ ದೋಷವನ್ನು ಉಳಿಸಿಕೊಂಡೇ ನಾವು ಬೇಗ ಬಾಗಿಲು ತೆರೆದಿರುತ್ತಿದ್ದೆವು. ತಡವಾದದ್ದಕ್ಕೆ ಬೇಸರಗೊಂಡವರು ದಯವಿಟ್ಟು ಇದನ್ನು ಗಮನಿಸಬೇಕು.

ಪ್ರತಿ ಆವರ್ತವನ್ನೂ ಬೀಜಕ ಪಟ್ಟಿಗಳಿಟ್ಟು (ಬ್ಯಾಕ್ಟೀರಿಯಾದ ಗಟ್ಟಿ ಬೀಜಕಗಳೂ ಸತ್ತಿವೆಯೇ ಎಂದು ತೋರಿಸುವ ಪಟ್ಟಿಗಳು) ಪರೀಕ್ಷಿಸಿದ, ಬಿಸಿ ಹಬೆಯಿಂದ ರೋಗಾಣು ಕೊಲ್ಲುವ ಆಟೊಕ್ಲೇವ್ ಯಂತ್ರದ ಸಿಬ್ಬಂದಿಗೆ, ಕರಡುಗಳನ್ನು ತಾಳ್ಮೆಯಿಂದ ಓದಿದ ಸುರಕ್ಷತಾ ಸಮಿತಿಯ ಸದಸ್ಯರಿಗೆ, ಪ್ರಬಂಧದ ಕೆಲಸ ಮುಂದೆ ಹೋದರೂ ಕಾದ ವಿದ್ಯಾರ್ಥಿಗಳಿಗೆ, ಅವರನ್ನು ನೋಡಿಕೊಂಡ ವೈದ್ಯರಿಗೆ ನನ್ನ ನಮನಗಳು.

ಸುರಕ್ಷತಾ ಸಮಿತಿಯಲ್ಲಿ ಗಾಳಿ ವ್ಯವಸ್ಥೆಯ ತಂತ್ರಜ್ಞರಿಗೆ ಕಾಯಂ ಸ್ಥಾನ ಕೊಡಬೇಕೆಂಬ ಪ್ರಸ್ತಾವವನ್ನು ಮುಂದಿನ ಸಭೆಯಲ್ಲಿ ಮಂಡಿಸುತ್ತಿದ್ದೇನೆ. ಮತ ಹಾಕುವ ಹಕ್ಕಿರುವವರು ಅದನ್ನು ಬೆಂಬಲಿಸಬೇಕೆಂದು ಕೋರುತ್ತೇನೆ.