ಭಾನುವಾರದ ಪಾಲಿಷ್ ಕೆಲಸ: ಬರುವವರು ಒಮ್ಮೆ ಓದಿಕೊಳ್ಳಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಗ್ಗೆ 10ಕ್ಕೆ ಮೈಸೂರಿನ ಕುವೆಂಪುನಗರದ ನಮ್ಮ ಶೆಡ್‌ನಲ್ಲಿ ಮರದ ಸ್ಟೂಲು, ಟ್ರೇಗಳಿಗೆ ಫಿನಿಶ್ ಹಚ್ಚುತ್ತೇವೆ. ಸಂಜೆಯೊಳಗೆ ಮುಗಿಯಬೇಕು, ಹಾಗಾಗಿ ಬೇಗ ಒಣಗುವುದೇ ಬೇಕು.

ಎನ್‌ಸಿ ಲ್ಯಾಕರ್ (ಥಿನ್ನರ್ ಬೆರೆಸಿ ಹೊಡೆಯುವ ನೈಟ್ರೋಸೆಲ್ಯುಲೋಸ್ ಪಾಲಿಷ್) ಈ ಸಲ ಬೇಡ. ಹೋದ ವಾರ ಮಳೆ ನಿಂತ ಕೂಡಲೇ ನಮ್ಮ ಮನೆ ಟೀಪಾಯಿಗೆ ಹೊಡೆದೆ. ಹತ್ತೇ ನಿಮಿಷದಲ್ಲಿ ಮೇಲೆಲ್ಲ ಮಜ್ಜಿಗೆ ಚೆಲ್ಲಿದ ಹಾಗೆ ಬಿಳಿಚಿಕೊಂಡಿತು! ಥಿನ್ನರ್ ಆರುವಾಗ ಮೇಲ್ಭಾಗ ತಣ್ಣಗಾಗಿ ಗಾಳಿಯ ತೇವ ಹಿಡಿದುಕೊಳ್ಳುತ್ತದೆ, ಅದಕ್ಕೇ.

ಸ್ಟೂಲಿಗೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು, ಅಂದರೆ ಶೆಲ್ಯಾಕ್. ತೆಳ್ಳಗೆ ಹಚ್ಚಿದರೆ ಸುಮಾರು ಒಂದು ಗಂಟೆಗೆ ಮುಂದಿನ ಕೋಟ್. (ಓಟಿನ ಶಾಯಿ ಮಾಡುವ ನಮ್ಮೂರ ಕಾರ್ಖಾನೆ 1937ರಲ್ಲಿ ಶುರುವಾಗಿದ್ದೇ ಅರಗಿನ ಕೆಲಸಕ್ಕೆ, ಗೊತ್ತಲ್ವಾ?) ಆದರೆ ಅದರ ಮೇಲೆ ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಉಂಗುರ ಗ್ಯಾರಂಟಿ. ಅದಕ್ಕೇ ಟ್ರೇಗಳಿಗೆ ವಾಟರ್ ಬೇಸ್ ಪಿಯು, ಅಂದರೆ ನೀರು ಬೆರೆತ ಪಾಲಿಯುರೆಥೇನ್ ವಾರ್ನಿಷ್. ಮುಟ್ಟಿದರೆ ಒಣಗಿದಂತೆ ಅನಿಸುತ್ತದೆ, ಆದರೂ ಒಂದೆರಡು ವಾರ ಬಿಸಿ ಪಾತ್ರೆ ಇಡಬೇಡಿ.

ಸ್ಪಿರಿಟ್ ಫಕ್ಕನೆ ಹತ್ತಿಕೊಳ್ಳುತ್ತದೆ. ಶೆಡ್ಡೊಳಗೆ ಸಿಗರೇಟು, ಊದಿನಕಡ್ಡಿ, ಸ್ಟವ್ ಯಾವುದೂ ಬೇಡ. ಕಾಫಿ ಹೊರಗಡೆ. ಕಿಟಕಿ ಎಲ್ಲ ತೆರೆದಿರಲಿ. ಬಟ್ಟೆ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ, ಸುಮ್ನೆ ಸಮಾಧಾನಕ್ಕೆ ಅಷ್ಟೇ. ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್ ಇದ್ದವರು ತನ್ನಿ. ಗ್ಲೌಸ್ ನಾನು ತರುತ್ತೇನೆ.

ಮರಕ್ಕೆ ಹಚ್ಚಲು ಅಗಸೆ ಎಣ್ಣೆ ತರುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗೇ ಬಿಸಿಯಾಗಿ ಬೆಂಕಿ ಹತ್ತಬಹುದು. ಹೊರಗೆ ಒಂದೊಂದಾಗಿ ಹರಡಿ.

ಮರವನ್ನು 220 ನಂಬರಿನ ನಯವಾದ ಸ್ಯಾಂಡ್‌ಪೇಪರ್‌ವರೆಗೆ ಉಜ್ಜಿಕೊಂಡೇ ಬನ್ನಿ. ಬರುವವರು ಶುಕ್ರವಾರ ಸಂಜೆಯೊಳಗೆ ಹೆಸರು, ಏನು ತರುತ್ತೀರಿ ಅನ್ನುವುದನ್ನು ಇಲ್ಲೇ ಹಾಕಿ. ಮಳೆ ಜೋರಾದರೆ ಮುಂದಿನ ಭಾನುವಾರ.