ಬಾರಕೂರು ಕೋಟೆಗೆ ಜೆಸಿಬಿ ಬೇಡ, ಜರಡಿ ಬೇಕು

ಮಾನ್ಯ ಸಂಪಾದಕರೇ,

ಉಡುಪಿ ಜಿಲ್ಲೆಯ ಬಾರಕೂರು ಕೋಟೆಯ ಮಾತು ಬಂದಾಗಲೆಲ್ಲ ಪೊದೆ ಕಡಿಯಿರಿ, ಮಣ್ಣು ತೆಗೆಯಿರಿ, ಪ್ರವಾಸಿಗರಿಗೆ ತೋರಿಸಿ ಎನ್ನುವ ಬೇಡಿಕೆ ಏಳುತ್ತದೆ. ಪೊದೆ ಕಡಿಯಲಿ, ಆದರೆ ಬೇರು ಕೀಳಬಾರದು. ಮಣ್ಣಿಗಂತೂ ಯಂತ್ರ ಹಚ್ಚಲೇಬಾರದು.

ತುಳುನಾಡನ್ನು ಆಳಿದ ಆಳುಪರ ರಾಜಧಾನಿ, ಆಮೇಲೆ ವಿಜಯನಗರದ ಬಾರಕೂರು ರಾಜ್ಯವೆಂಬ ಪ್ರಾಂತ್ಯದ ಕೇಂದ್ರವಾಗಿದ್ದ ಈ ಊರು ಬರೀ ಅರಮನೆಯಲ್ಲ, ದೊಡ್ಡ ಪೇಟೆ. ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ ಎನ್ನುವ ಹೆಸರುಗಳು ಇಂದಿಗೂ ಅದನ್ನೇ ಹೇಳುತ್ತಿವೆ. 1342ರ ಸುಮಾರಿಗೆ ಬಂದ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಇದನ್ನು 'ಫಾಕನೂರ್' ಎಂದು ಕರೆದು, ಇಲ್ಲಿನ ಅರಸನಿಗೆ ಸುಮಾರು 30 ಹಡಗುಗಳಿದ್ದವೆಂದು ಬರೆದಿದ್ದಾನೆ. ಅರಸರ ದಾನದತ್ತಿಗಳನ್ನು ಶಾಸನಗಳು ಹೇಳುತ್ತವೆ. ಪೇಟೆಯಲ್ಲಿ ಜನ ಏನು ಉಂಡರು, ಯಾವ ದೇಶದ ಪಾತ್ರೆ ಕೊಂಡರು ಎಂಬುದನ್ನು ಮಣ್ಣಿನಲ್ಲಿರುವ ಬೋಕಿಗಳೇ (ಮಡಕೆಚೂರುಗಳೇ) ಹೇಳಬೇಕು. ಜೆಸಿಬಿಯ ಒಂದೇ ಎಳೆತಕ್ಕೆ ಒಂದಡಿ ಮಣ್ಣು ಹೋದರೆ ಎರಡು ಮೂರು ಶತಮಾನಗಳ ಪದರ ಕಲಸಿಹೋಗುತ್ತದೆ. ಆಮೇಲೆ ಚೀನಾದ ಪಿಂಗಾಣಿ ಚೂರು ಸಿಕ್ಕರೂ ಅದು ಬರೀ ಚೂರು. ಯಾವ ನೆಲಗಟ್ಟಿನ ಮೇಲೆ, ಯಾವುದರ ಜತೆ ಬಿದ್ದಿತ್ತು ಎಂದು ಗೊತ್ತಾದರೆ ಮಾತ್ರ ಅದರಿಂದ ಕಾಲ ಹೇಳಬಹುದು.

ಕರಾವಳಿಯ ನೆಲದಲ್ಲಿ ಅಗೆಯುವ ಕಷ್ಟವೇ ಬೇರೆ. ಮುರಕಲ್ಲಿನ (ಜಂಬಿಟ್ಟಿಗೆಯ) ಮಣ್ಣು ಆಮ್ಲೀಯವಾದ್ದರಿಂದ ಎಲುಬು ಕರಗುತ್ತದೆ, ಕಬ್ಬಿಣ ತುಕ್ಕಿನ ಮುದ್ದೆಯಾಗುತ್ತದೆ. ಇದ್ದಿಲು, ಮಡಕೆ, ಗಾಜಿನ ಮಣಿ, ಭತ್ತದ ಹೊಟ್ಟಿನ ಸಿಲಿಕಾ ಕಣಗಳು ಉಳಿಯುತ್ತವೆ. ಹಾಗಾಗಿ 5 ಮಿ.ಮೀ. ಜರಡಿಯ ಜತೆಗೆ ಪ್ರತಿ ಪದರದಿಂದ ಕನಿಷ್ಠ 20 ಲೀಟರ್ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿ ಬಂದದ್ದನ್ನು ನುಣ್ಣನೆಯ ಬಲೆಯಲ್ಲಿ ಹಿಡಿಯಬೇಕು. ಕೆಂಪು ಮಣ್ಣಿನಲ್ಲಿ ತುಂಬಿದ ನೆಲಕ್ಕೂ ಮೂಲ ನೆಲಕ್ಕೂ ಬಣ್ಣದ ವ್ಯತ್ಯಾಸ ಕಾಣುವುದಿಲ್ಲ. ಕುಳಿಯ ಗೋಡೆಗೆ ನೀರು ಚಿಮುಕಿಸಿ ನೆರಳಿನಲ್ಲಿ ನೋಡಿದರೆ ಗೆರೆ ಏಳುತ್ತದೆ. ಮುರಕಲ್ಲಿನಲ್ಲಿ ಕಬ್ಬಿಣದ ಅಂಶ ಹೆಚ್ಚಿರುವುದರಿಂದ, ಅಗೆಯದೆ ನೆಲದೊಳಗಿನದನ್ನು ಹುಡುಕುವ ಕಾಂತೀಯ ಸಮೀಕ್ಷೆಯನ್ನು ನಂಬಿ ಕೂರುವಂತಿಲ್ಲ. ನೆಲದೊಳಗೆ ಇಣುಕುವ ರಾಡಾರ್ ಒಣ ಮರಳಿನಲ್ಲಿ ಚೆನ್ನಾಗಿ ಓದುತ್ತದೆ, ಒದ್ದೆ ಜೇಡಿಯಲ್ಲಿ ಸೋಲುತ್ತದೆ.

ಎಲ್ಲಿ ಅಗೆಯಬೇಕು? ಮೊದಲು ಅರಮನೆಯ ತಳಪಾಯವನ್ನಲ್ಲ. ಗೋಡೆಯ ಬುಡದಿಂದ ಕಂದಕದ ತಳದವರೆಗೆ 2 ಮೀಟರ್ ಅಗಲದ ಒಂದು ಸೀಳು ಸಾಕು. ಕೋಟೆಯಲ್ಲಿ ಬಳಸಿ ಎಸೆದದ್ದೆಲ್ಲ ಕಂದಕದ ಕೆಸರಿನಲ್ಲಿ ಪದರ ಪದರವಾಗಿ ಕೂರುತ್ತದೆ. ಗೋಡೆಯ ಅಡಿಪಾಯದ ಕೆಳಗೆ ಸಿಕ್ಕ ಇದ್ದಿಲು ಗೋಡೆ ಅದಕ್ಕಿಂತ ಈಚಿನದು ಎಂದು ಹೇಳುತ್ತದೆ. ಆದರೆ ಕಾಲನಿರ್ಣಯಕ್ಕೆ ತೊಲೆಯ ಇದ್ದಿಲು ಕೊಡಬಾರದು. ಹಳೆಯ ಮರದ ತಿರುಳಾದರೆ ನೂರಿನ್ನೂರು ವರ್ಷ ಹಿಂದಕ್ಕೆ ತೋರಿಸುತ್ತದೆ. ಸುಟ್ಟ ಅಕ್ಕಿಕಾಳು ಅಥವಾ ತೆಳ್ಳನೆಯ ಕಡ್ಡಿ ಆರಿಸಬೇಕು. ಕೋಟೆಯ ಒಳಗೆ 4 ಮೀಟರ್ ಚೌಕದ ಕುಳಿಗಳು, ನಡುವೆ ಅಗೆಯದೆ ಬಿಟ್ಟ ಅರ್ಧ ಮೀಟರ್ ದಿಣ್ಣೆ.

ಜನವರಿಯಿಂದ ಏಪ್ರಿಲ್‌ವರೆಗೆ ಮಾತ್ರ ಕೆಲಸ ಮಾಡಿ, ಮೇ ತಿಂಗಳಲ್ಲಿ ಬಟ್ಟೆಯ ಹೊದಿಕೆ ಹಾಸಿ ಕುಳಿ ಮುಚ್ಚಲೇಬೇಕು. ತೆರೆದು ಬಿಟ್ಟರೆ ಜೂನ್‌ನ ಮೊದಲ ಜಡಿಮಳೆಗೇ ಕುಸಿಯುತ್ತದೆ.

ಕೇರಿಗಳಲ್ಲಿ ಜನ ವಾಸವಿರುವುದರಿಂದ ಅಲ್ಲಿ ಉತ್ಖನನ ಸುಲಭವಲ್ಲ. ಬಾವಿ, ಶೌಚಗುಂಡಿ, ಮನೆ ಅಡಿಪಾಯ ತೋಡುವಾಗ ಗ್ರಾಮ ಪಂಚಾಯತ್ ಮುಂಚಿತವಾಗಿ ಪುರಾತತ್ವ ಇಲಾಖೆಗೆ ತಿಳಿಸಿದರೆ ಅರ್ಧ ದಿನದಲ್ಲಿ ಗುಂಡಿಯ ಗೋಡೆಯನ್ನು ಅಳತೆಪಟ್ಟಿ ಇಟ್ಟು ಚಿತ್ರ ತೆಗೆದು, ಪದರಗಳನ್ನು ಬರೆದುಕೊಳ್ಳಬಹುದು. ಕಟ್ಟಡ ಪರವಾನಗಿಯ ಅರ್ಜಿಯಲ್ಲೇ ಇದಕ್ಕೊಂದು ಸಾಲು ಸೇರಿಸುವಂತೆ ಉಡುಪಿ ಜಿಲ್ಲಾಡಳಿತವನ್ನು ಒತ್ತಾಯಿಸುತ್ತೇವೆ.

— ಇತಿಹಾಸಾಸಕ್ತ ಓದುಗರು, ಉಡುಪಿ