ಬಳಚು ಬೇಯುವ ಮುನ್ನವೇ ಹೋಗು

ಚಿ. ನಂದಿನಿಗೆ ಅಪ್ಪನ ಆಶೀರ್ವಾದಗಳು.

ಮ್ಯಾಸಚೂಸೆಟ್ಸ್‌ನ ನಿನ್ನ ಸಹೋದ್ಯೋಗಿಗಳು ಕಡಲ ದಂಡೆಯ ಕ್ಲ್ಯಾಮ್‌ಬೇಕ್‌ಗೆ, ಅಂದರೆ ಬಳಚು ಎಂಬ ಚಿಪ್ಪಿನ ಜೀವಿಯನ್ನು ಬೇಯಿಸಿ ತಿನ್ನುವ ಕೂಟಕ್ಕೆ, ಕರೆದಿರುವ ಸುದ್ದಿ ತಿಳಿದು ಸಂತೋಷವಾಯಿತು. ಆದರೆ ಊಟದ ಹೊತ್ತಿಗೆ ಹೋದರೆ ಸಾಕೆಂದು ಬರೆದಿದ್ದೀಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನಾನು ಆ ಕಡೆ ನೌಕರಿಯಲ್ಲಿದ್ದಾಗ ಕಂಡಂತೆ, ಆ ಕೂಟ ನಡೆಯುವುದೇ ಊಟಕ್ಕೆ ಮೊದಲು.

ಬೆಳಿಗ್ಗೆಯೇ ಸೌದೆಯ ಜೊತೆ ಗುಂಡುಕಲ್ಲುಗಳನ್ನು ಒಟ್ಟಿ ಬೆಂಕಿ ಹಾಕುತ್ತಾರೆ. ಕೆಲವು ಗಂಟೆ ಉರಿದು ಕಲ್ಲುಗಳು ಚೆನ್ನಾಗಿ ಕಾದ ಮೇಲೆ ಕೆಂಡವನ್ನು ಗೋರಿ ತೆಗೆದು, ರಾಕ್‌ವೀಡ್ ಎಂಬ ಹಸಿ ಕಡಲಪಾಚಿಯನ್ನು ದಪ್ಪವಾಗಿ ಹರಡುತ್ತಾರೆ. ಅದರ ಗುಳ್ಳೆಗಳು ಪಟಪಟನೆ ಒಡೆದು ಉಪ್ಪುನೀರಿನ ಹಬೆ ಏಳುತ್ತದೆ. ಅದರ ಮೇಲೆ ಬಳಚು, ಜೋಳದ ತೆನೆ, ಆಲೂಗಡ್ಡೆ, ಸಾಸೇಜ್‌ಗಳನ್ನು ಇಟ್ಟು, ಒದ್ದೆ ಟಾರ್ಪಾಲ್ ಮುಚ್ಚಿ ಸುಮಾರು ಒಂದು ಗಂಟೆ ಬಿಡುತ್ತಾರೆ. ಕೆಂಡ ತೆಗೆದದ್ದೇ ತಡ, ಕಲ್ಲು ಆರತೊಡಗುವುದರಿಂದ ಎಲ್ಲರೂ ಒಟ್ಟಿಗೆ ಕೈಹಾಕಲೇಬೇಕು. ಮುಚ್ಚಿದ ಮೇಲೆ ಯಾರಿಗೂ ಕೆಲಸವಿಲ್ಲ, ಹರಟೆಯೊಂದೇ. ದೊಡ್ಡ ಪಾತ್ರೆಯಲ್ಲಿ ಬೇಯಿಸಿ ತಂದು ಅದೇ ಹೆಸರಿನಲ್ಲಿ ಬಡಿಸುವವರೂ ಇದ್ದಾರೆ. ರುಚಿಗೆ ಕೊರತೆಯಿರಲಾರದು, ಆದರೆ ಅಲ್ಲಿ ಜನ ಬರೀ ಅತಿಥಿಗಳು.

ಡಾರ್ಟ್‌ಮತ್ ಊರಿನ ಆಲೆನ್ಸ್ ನೆಕ್‌ನಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರು 1888ರಲ್ಲಿ ಆರಂಭಿಸಿದ ಕ್ಲ್ಯಾಮ್‌ಬೇಕ್ ಆಗಸ್ಟ್ ತಿಂಗಳ ಮೂರನೆಯ ಗುರುವಾರ ನಡೆಯುವ ರೂಢಿ. ಅಲ್ಲಿ ಒಂದೊಂದು ಕೆಲಸ ಒಂದೊಂದು ಮನೆತನಕ್ಕೆ ಬಂದಿದೆ. ನಮ್ಮ ತೇರಿನಲ್ಲಿ ಮಿಣಿ ಹಿಡಿಯುವವರ ಮನೆತನಗಳಿರುವ ಹಾಗೆ.

ಇಂಗ್ಲೆಂಡಿನಿಂದ ಮೊದಮೊದಲು ಬಂದು ಅಲ್ಲಿ ನೆಲೆಸಿದ ಪಿಲ್ಗ್ರಿಮ್‌ಗಳು ಮೂಲನಿವಾಸಿಗಳಿಂದ ಕಲಿತು ಅಂದಿನಿಂದ ಬಿಡದೆ ನಡೆಸಿದ ಪದ್ಧತಿ ಇದೆಂದು ಅಲ್ಲಿ ಯಾರಾದರೂ ಹೇಳಿಯಾರು. ವಾಂಪನೋಆಗ್, ನ್ಯಾರಗ್ಯಾನ್ಸೆಟ್ ಎಂಬ ಆ ಮೂಲನಿವಾಸಿ ಜನರಿಗೆ ಬಳಚು ಹಳೆಯ ಆಹಾರವೆಂಬುದು ನಿಜ. ಆದರೆ ಇದಕ್ಕೆ ಹಬ್ಬದ ರೂಪ ಬಂದದ್ದು 19ನೆಯ ಶತಮಾನದಲ್ಲಿ, ಪಕ್ಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದಿಂದ ಹಬೆಹಡಗುಗಳು ಪಟ್ಟಣದ ಜನರನ್ನು ರಾಕಿ ಪಾಯಿಂಟ್‌ನಂಥ ವಿಹಾರತಾಣಗಳಿಗೆ ಕರೆದೊಯ್ಯತೊಡಗಿದ ಕಾಲದಲ್ಲಿ. ಕಥೆ ಹೇಳಿದವರ ಜೊತೆ ವಾದಕ್ಕಿಳಿಯಬೇಡ, ಕೇಳಿಸಿಕೊ.

ಅಘನಾಶಿನಿಯ ಅಳಿವೆಯಲ್ಲಿ ನೀರಿಳಿದಾಗ ಬಳಚು ಆಯುವವರನ್ನು ನೋಡುತ್ತ ಬೆಳೆದವಳು ನೀನು. ಅಲ್ಲಿ ಪಾಚಿ ಹೊರುವ ಕೆಲಸ ಕೊಟ್ಟರೆ ಹಿಂಜರಿಯಬೇಡ. ಹತ್ತಿಬಟ್ಟೆ ಹಾಕಿಕೊಂಡು ಹೋಗು, ಕೆಂಡ ಗೋರುವಾಗ ಕಿಡಿ ಹಾರುತ್ತದೆ. ತಿನ್ನುವಾಗ ಬಳಚಿನ ಕೊರಳಿನ ಕಪ್ಪು ಸಿಪ್ಪೆಯನ್ನು ಎಳೆದು ತೆಗೆದು, ಮೊದಲು ಬಿಸಿ ಸಾರಿನಲ್ಲಿ ಅದ್ದಿ ಮರಳು ಕಳೆದು, ಆಮೇಲೆ ಕರಗಿಸಿದ ಬೆಣ್ಣೆಗೆ ಅದ್ದು. ಬಾಯಿ ಬಿಡದೆ ಉಳಿದದ್ದನ್ನು ತಿನ್ನಬೇಡ.

ಇಂತಿ,
ನಿನ್ನ ಅಪ್ಪ